ರಬ್ಬಿಯ ಬೆಕ್ಕನ್ನು ಮಗಳ ಕೈಗೆ ಕೊಡಬಹುದಾ?

ಪ್ರಶ್ನೆ:

"ನಮಸ್ಕಾರ ಮೇಡಂ. ನಾನು ಶಿವಮೊಗ್ಗದವನು. ಮಗಳು ಎಂಟನೇ ಕ್ಲಾಸು. ಬೆಕ್ಕು ಅಂದರೆ ಅವಳಿಗೆ ಪ್ರಾಣ. ಅವಳ ಸೋದರಮಾವ ಹುಟ್ಟುಹಬ್ಬಕ್ಕೆ ಅಂತ ಬೆಂಗಳೂರಿನಿಂದ 'ದಿ ರಬ್ಬೈಸ್ ಕ್ಯಾಟ್' ಅನ್ನುವ ಇಂಗ್ಲಿಷ್ ಕಾಮಿಕ್ಸ್ ಕಳಿಸಿದ್ದಾರೆ. ಬರೆದವರು ಫ್ರಾನ್ಸಿನ ಜೊವಾನ್ ಸ್ಫಾರ್. ಬೆಕ್ಕಿನ ಕಥೆ, ಮಕ್ಕಳದ್ದೇ ಇರಬೇಕು ಅಂದುಕೊಂಡು ತಿರುವಿ ಹಾಕಿದೆ. ಬೆಕ್ಕು ಗಿಳಿಯನ್ನು ನುಂಗುತ್ತದೆ, ಅದಕ್ಕೆ ಮಾತು ಬರುತ್ತದೆ, ಬಂದ ಕೂಡಲೇ ಸುಳ್ಳು ಹೇಳುತ್ತದೆ. ಆಮೇಲೆ ಧರ್ಮಗುರುಗಳ ಜೊತೆ ದೇವರ ವಿಷಯದಲ್ಲಿ ವಾದಕ್ಕಿಳಿಯುತ್ತದೆ. ಮಧ್ಯೆ ದೊಡ್ಡವರ ವಿಷಯಗಳೂ ಕಾಣಿಸಿದವು. ಪುಸ್ತಕವನ್ನು ಬೀರುವಿನಲ್ಲಿ ಇಟ್ಟಿದ್ದೇನೆ. ಸ್ನೇಹಿತರೊಬ್ಬರು ಇದು ಧರ್ಮವನ್ನು ಗೇಲಿ ಮಾಡುವ ಪುಸ್ತಕ ಅಂದರು. ಇನ್ನೊಬ್ಬರು ಇಸ್ರೇಲ್ ಪರ ಪ್ರಚಾರ ಅಂದರು. ಯಹೂದಿಗಳಲ್ಲಿ ಚಿತ್ರ ಬಿಡಿಸುವುದಕ್ಕೇ ನಿಷೇಧ ಇದೆ, ಹಾಗಾಗಿ ಇದನ್ನು ಬರೆದವರು ಧರ್ಮ ಬಿಟ್ಟವರೇ ಇರಬೇಕು ಅಂತ ಮತ್ತೊಬ್ಬರು. ನನಗೆ ಯಹೂದಿಗಳ ಬಗ್ಗೆ ಗೊತ್ತಿರುವುದು ಶಾಲೆಯಲ್ಲಿ ಓದಿದ ಹಿಟ್ಲರನ ಪಾಠ ಅಷ್ಟೇ. ಬಾರ್ ಮಿತ್ಸ್ವಾ ಅಂದರೇನು ಅಂತ ಮಗಳು ಕೇಳಿದರೆ ಏನು ಹೇಳಲಿ? ಇದರಲ್ಲಿ ಕಲ್ಪನೆ ಎಷ್ಟು, ನಿಜ ಎಷ್ಟು? ಪುಸ್ತಕ ಕೊಡಲೋ ಬೇಡವೋ? ಇವರದೇ ಬೇರೆ ಪುಸ್ತಕದಿಂದ ಶುರು ಮಾಡಬಹುದಾ?"

ಉತ್ತರ:

ನಮಸ್ಕಾರ. ನಿಮ್ಮ ಪತ್ರದಲ್ಲಿ ಎರಡು ಮೂರು ಚಿಂತೆಗಳು ಹೆಣೆದುಕೊಂಡಿವೆ. ಮಗಳ ವಯಸ್ಸಿಗೆ ಈ ಪುಸ್ತಕ ಸರಿಹೋಗುತ್ತದಾ ಅನ್ನುವುದು ಒಂದು. ಇದು ಇನ್ನೊಬ್ಬರ ಧರ್ಮವನ್ನು ಹೀಯಾಳಿಸುತ್ತದಾ ಅನ್ನುವುದು ಇನ್ನೊಂದು. ಇವೆರಡರ ಕೆಳಗೆ ಮೂರನೆಯದೂ ಇದೆ. ನಮಗೇ ಗೊತ್ತಿಲ್ಲದ ಲೋಕದ ಪುಸ್ತಕವನ್ನು ಮಗುವಿನ ಕೈಗೆ ಹೇಗೆ ಕೊಡುವುದು? ನಾನು ಫ್ರೆಂಚ್ ಭಾಷೆ ಮತ್ತು ಫ್ರೆಂಚ್ ಕಾಮಿಕ್ಸ್ ಪಾಠ ಮಾಡುವವಳು. ಸ್ಫಾರ್ ಪುಸ್ತಕಗಳನ್ನು ಕ್ಲಾಸಿನಲ್ಲಿ ಓದಿಸಿದಾಗಲೆಲ್ಲ ಅಪ್ಪ ಅಮ್ಮಂದಿರಿಂದ ಇಂಥದೇ ಪ್ರಶ್ನೆ ಬಂದಿದೆ.

ಪುಸ್ತಕವನ್ನು ಬೀರುವಿನಿಂದ ತೆಗೆಯಿರಿ. ಆದರೆ ಸುಮ್ನೆ ಕೈಗೆ ಕೊಟ್ಟು ಬಿಟ್ಟುಬಿಡಬೇಡಿ. ಯಾಕೆ ಅಂತ ವಿವರವಾಗಿ ಹೇಳುತ್ತೇನೆ.

ಮೊದಲು ಮಕ್ಕಳ ಪುಸ್ತಕ ಅನ್ನುವ ತಪ್ಪು ತಿಳಿವಳಿಕೆ ನೋಡೋಣ. ಫ್ರಾನ್ಸಿನಲ್ಲಿ ಕಾಮಿಕ್ಸ್ ಓದುವವರಲ್ಲಿ ದೊಡ್ಡವರು ಬಹಳ ಜನ. ದಪ್ಪ ರಟ್ಟಿನ, ದೊಡ್ಡ ಅಳತೆಯ ಆ ಪುಸ್ತಕಗಳನ್ನು ಅಲ್ಲಿ ಆಲ್ಬಂ ಅನ್ನುತ್ತಾರೆ. ಸ್ಫಾರ್ ತಲೆಮಾರಿನ ಕಲಾವಿದರು 1990ರ ದಶಕದಲ್ಲಿ ಅದನ್ನು ಇನ್ನಷ್ಟು ಬೆಳೆಸಿದರು. ಆತ್ಮಕಥೆ, ಇತಿಹಾಸ, ತತ್ವ ಎಲ್ಲವನ್ನೂ ಚಿತ್ರದ ಚೌಕಗಳಿಗೆ ತಂದರು. 'ರಬ್ಬಿಯ ಬೆಕ್ಕು' (ರಬ್ಬಿ ಅಂದರೆ ಯಹೂದಿ ಧರ್ಮಗುರು) ಸರಣಿಯ ಮೊದಲ ಆಲ್ಬಂ ಬಂದಿದ್ದು 2002ರಲ್ಲಿ. ನಿಮ್ಮ ಮನೆಯಲ್ಲಿರುವ ಇಂಗ್ಲಿಷ್ ಪುಸ್ತಕ 2005ರದು, ಮೊದಲ ಮೂರು ಆಲ್ಬಂಗಳನ್ನು ಒಂದೇ ರಟ್ಟಿನೊಳಗೆ ಸೇರಿಸಿದ್ದು. ಮೂಲದಲ್ಲೇ ಇದು ದೊಡ್ಡವರಿಗೆ ಬರೆದ ಪುಸ್ತಕ. ಬೆಕ್ಕು ಇದೆ ಅನ್ನುವ ಕಾರಣಕ್ಕೆ ಅದು ಮಕ್ಕಳ ಕಪಾಟಿಗೆ ಹೋಗುತ್ತದೆ, ಅಷ್ಟೇ.

ನಿಮಗೆ ಕಾಣಿಸಿದ "ದೊಡ್ಡವರ ವಿಷಯ" ನಿಜವೇ. ಮೊದಲ ಭಾಗದಲ್ಲೇ ರಬ್ಬಿಯ ಶಿಷ್ಯನೊಬ್ಬ ಗುಟ್ಟಾಗಿ ವೇಶ್ಯೆಯ ಮನೆಗೆ ಹೋಗುತ್ತಾನೆ, ಬೆಕ್ಕು ಹಿಂದೆಯೇ ಹೋಗಿ ನೋಡುತ್ತದೆ. ಬೆಕ್ಕಿನ ಮಾತಿನಲ್ಲೂ ಪೋಲಿತನ ಇದೆ. ಅಲ್ಲಲ್ಲಿ ಬೆತ್ತಲೆ ಮೈ ಇದೆ. ಇದಾವುದೂ ಕಣ್ಣು ಕುಕ್ಕುವ ಹಾಗಿಲ್ಲ, ಆದರೆ ಎಂಟನೇ ಕ್ಲಾಸಿನ ಹುಡುಗಿ ಅಪ್ಪನ ಪಕ್ಕ ಕೂತು ಓದುವಾಗ ಇಬ್ಬರಿಗೂ ಮುಜುಗರ ಆಗಬಹುದು. ಅದಕ್ಕೆ ನೀವು ಒಂದು ಸಲ ಪೂರ್ತಿ ಓದಿಕೊಂಡು, ಯಾವ ಪುಟ ಅವಳು ಒಬ್ಬಳೇ ಓದಲಿ, ಯಾವುದನ್ನು ಅವಳಮ್ಮನ ಜೊತೆ ಓದಲಿ ಅಂತ ಮನೆಯಲ್ಲೇ ಮಾತಾಡಿಕೊಳ್ಳಿ. ಪುಟಗಳನ್ನು ಕ್ಲಿಪ್ ಹಾಕಿ ಮುಚ್ಚುವುದು ಮಾತ್ರ ಬೇಡ. ಹಾಗೆ ಮಾಡಿದರೆ ಮಕ್ಕಳು ಮೊದಲು ತೆಗೆಯುವುದೇ ಆ ಪುಟ.

ಈಗ ಗೇಲಿಯ ವಿಷಯ. ನಿಮ್ಮ ಸ್ನೇಹಿತರು ಹೇಳಿದ್ದರಲ್ಲಿ ನನಗೆ ಅತಿ ಮುಖ್ಯ ಅನಿಸಿದ್ದು ಇದೇ, ಹಾಗಾಗಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ.

ಕಥೆ ನಡೆಯುವುದು ಎರಡು ಮಹಾಯುದ್ಧಗಳ ನಡುವಿನ ಅಲ್ಜೀರ್ಸ್ ನಗರದಲ್ಲಿ. ಆಗ ಅಲ್ಜೀರಿಯಾ ಫ್ರೆಂಚರ ಕೈಯಲ್ಲಿತ್ತು. ರಬ್ಬಿ ಅಬ್ರಹಾಂ, ಅವರ ಮಗಳು ಜ್ಲಾಬ್ಯಾ, ಒಂದು ಬೂದು ಬಣ್ಣದ ಬಡಕಲು ಬೆಕ್ಕು. ಮನೆಯ ಗಿಳಿಯನ್ನು ನುಂಗಿದ ಮೇಲೆ ಬೆಕ್ಕಿಗೆ ಮಾತು ಬರುತ್ತದೆ, ಗಿಳಿಯನ್ನು ತಿಂದಿಲ್ಲ ಅಂತಲೇ ಶುರು ಮಾಡುತ್ತದೆ. ಸುಳ್ಳು ಹೇಳುವ ಬೆಕ್ಕು ಮಗಳನ್ನು ಕೆಡಿಸುತ್ತದೆ ಅಂತ ರಬ್ಬಿಗೆ ಭಯ. ಅವಳ ಹತ್ತಿರ ಬಿಡುವುದಿಲ್ಲ. ಬೆಕ್ಕಿಗೆ ಅವಳ ಮಡಿಲು ಬೇಕು. ಅದಕ್ಕೇ ತಾನು ಒಳ್ಳೆಯ ಯಹೂದಿ ಆಗುತ್ತೇನೆ, ನನಗೆ ಬಾರ್ ಮಿತ್ಸ್ವಾ (ಹುಡುಗ ಧರ್ಮದ ಹೊಣೆ ಹೊರುವ ವಯಸ್ಸಿಗೆ ಬಂದಾಗಿನ ಆಚರಣೆ) ಮಾಡಿಸಿ ಅಂತ ಹಟ ಹಿಡಿಯುತ್ತದೆ. ದಾರಿ ಕಾಣದೆ ರಬ್ಬಿ ಅದನ್ನು ತಮ್ಮ ಗುರುಗಳ ಹತ್ತಿರ ಕರೆದುಕೊಂಡು ಹೋಗುತ್ತಾರೆ.

ಆ ಪುಟಗಳನ್ನು ಇನ್ನೊಂದು ಸಲ ನಿಧಾನವಾಗಿ ನೋಡಿ. ಸಾಮಾನ್ಯವಾಗಿ ಪುಟಕ್ಕೆ ಆರು ಚೌಕ, ಎಲ್ಲ ಹೆಚ್ಚುಕಡಿಮೆ ಒಂದೇ ಅಳತೆ. ಗೆರೆ ನಡುಗುತ್ತಾ ಹೋಗುತ್ತದೆ. ಬೆಕ್ಕು ಒಂದು ಚೌಕದಲ್ಲಿ ಈಜಿಪ್ಟಿನ ವಿಗ್ರಹದ ಹಾಗೆ ನೆಟ್ಟಗೆ ಕೂತಿದ್ದರೆ ಇನ್ನೊಂದರಲ್ಲಿ ಇಲಿಯಷ್ಟು ಸಣ್ಣಗಾಗಿರುತ್ತದೆ. ಅದರ ಮನಸ್ಸು ಹೇಗೋ ಮೈಯೂ ಹಾಗೆ. ಮನುಷ್ಯನನ್ನು ದೇವರು ತನ್ನ ರೂಪದಲ್ಲಿ ಮಾಡಿದ, ಬೆಕ್ಕನ್ನಲ್ಲ ಅಂತ ಗುರು ಹೇಳುತ್ತಾರೆ. ಹಾಗಾದರೆ ದೇವರ ಚಿತ್ರ ತೋರಿಸಿ ಅನ್ನುತ್ತದೆ ಬೆಕ್ಕು. ದೇವರು ಅಂದರೆ ಮಾತು ಅನ್ನುತ್ತಾರೆ ಗುರು. ಮಾತು ನನಗೂ ಬಂತಲ್ಲ ಅನ್ನುತ್ತದೆ ಬೆಕ್ಕು. ಕೊನೆಗೆ ಗುರುಗಳ ತೀರ್ಪು: ಇದನ್ನು ನೀರಿಗೆ ಹಾಕಿ ಮುಳುಗಿಸಬೇಕು.

ನಮಗೆ ಇದು ಅಧಿಕಪ್ರಸಂಗದ ಹಾಗೆ ಕಾಣುವುದು ಸಹಜ. ಗುರುವಿನ ಎದುರು ಹೀಗೆ ಮಾತಾಡುವುದೇ? ಆದರೆ ಯಹೂದಿ ಓದಿನ ಪರಂಪರೆಯಲ್ಲಿ ಎದುರುವಾದ ಅನ್ನುವುದು ಓದಿನ ಕ್ರಮವೇ. ಅವರ ದೊಡ್ಡ ಗ್ರಂಥ ತಾಲ್ಮುಡ್. ಅದರ ಅಚ್ಚಾದ ಪುಟ ಹೀಗಿರುತ್ತದೆ: ನಡುವೆ ಮೂಲ ಪಾಠ. ಒಂದು ಪಕ್ಕ 11ನೇ ಶತಮಾನದ ಫ್ರಾನ್ಸಿನ ಪಂಡಿತ ರಾಶಿಯ ವ್ಯಾಖ್ಯಾನ. ಇನ್ನೊಂದು ಪಕ್ಕ ಅವನ ನಂತರದವರ ವ್ಯಾಖ್ಯಾನ, ಎಷ್ಟೋ ಕಡೆ ರಾಶಿಯನ್ನೇ ಅಲ್ಲಗಳೆಯುವಂಥದ್ದು. 1520ರ ದಶಕದಲ್ಲಿ ವೆನಿಸ್‌ನಲ್ಲಿ ಪೂರ್ತಿ ತಾಲ್ಮುಡ್ ಅಚ್ಚಾದಾಗ ನೆಲೆಗೊಂಡ ಈ ವಿನ್ಯಾಸ ಇವತ್ತಿಗೂ ಹಾಗೇ ಇದೆ. ವಾದದಲ್ಲಿ ಸೋತವರ ಮಾತನ್ನೂ ಅಲ್ಲಿ ಅಳಿಸುವುದಿಲ್ಲ. ಹಿಲ್ಲೆಲ್ ಎಂಬ ಗುರುವಿನ ಶಿಷ್ಯರ ಅಭಿಪ್ರಾಯ, ಶಮ್ಮಾಯ್ ಎಂಬ ಗುರುವಿನ ಶಿಷ್ಯರ ಅಭಿಪ್ರಾಯ, ಎರಡನ್ನೂ ಬರೆದಿಡುತ್ತಾರೆ.

ಅದೇ ಗ್ರಂಥದಲ್ಲಿ ಒಂದು ಕಥೆ ಇದೆ. ಸ್ಫಾರ್ ಕಲ್ಪನೆ ಎಲ್ಲಿಂದ ಬಂತು ಅಂತ ಕೇಳಿದವರಿಗೆಲ್ಲ ನಾನು ಇದನ್ನೇ ಹೇಳುವುದು. ಒಂದು ಬಗೆಯ ಒಲೆ ಮಡಿಗೆ ಸರಿಯೋ ಅಲ್ಲವೋ ಅಂತ ಪಂಡಿತರಲ್ಲಿ ವಾದ. ರಬ್ಬಿ ಎಲಿಯೆಜರ್ ಒಬ್ಬರೇ ಒಂದು ಕಡೆ, ಉಳಿದವರೆಲ್ಲ ಇನ್ನೊಂದು ಕಡೆ. "ನನ್ನ ಮಾತು ಸರಿಯಾಗಿದ್ದರೆ ಈ ಮರ ಸಾಕ್ಷಿ ಹೇಳಲಿ" ಅನ್ನುತ್ತಾರೆ ಎಲಿಯೆಜರ್. ಮರ ಬುಡಸಮೇತ ಕಿತ್ತು ದೂರ ಹೋಗಿ ನಿಲ್ಲುತ್ತದೆ. ಮರದಿಂದ ಸಾಕ್ಷಿ ಒಪ್ಪುವುದಿಲ್ಲ ಅನ್ನುತ್ತಾರೆ ಉಳಿದವರು. ಕಾಲುವೆಯ ನೀರು ಹಿಂದಕ್ಕೆ ಹರಿಯುತ್ತದೆ. ಅದನ್ನೂ ಒಪ್ಪುವುದಿಲ್ಲ. ಪಾಠಶಾಲೆಯ ಗೋಡೆಗಳು ವಾಲುತ್ತವೆ. ಕೊನೆಗೆ ಆಕಾಶದಿಂದಲೇ ದನಿ ಬರುತ್ತದೆ, ಎಲಿಯೆಜರ್ ಹೇಳಿದ್ದೇ ಸರಿ ಅಂತ. ಆಗ ರಬ್ಬಿ ಯೆಹೋಶುವಾ ಎದ್ದು ನಿಂತು ಧರ್ಮಶಾಸ್ತ್ರ ಆಕಾಶದಲ್ಲಿಲ್ಲ, ನಮಗೆ ಕೊಟ್ಟಾಗಿದೆ, ಇನ್ನು ತೀರ್ಮಾನ ನಮ್ಮದು ಅನ್ನುತ್ತಾರೆ. ಇದನ್ನು ಕೇಳಿದ ದೇವರು ನಕ್ಕು, ನನ್ನ ಮಕ್ಕಳು ನನ್ನನ್ನೇ ಸೋಲಿಸಿದರು ಅಂದನಂತೆ.

ಕಥೆಯನ್ನು ಇಲ್ಲಿಗೇ ನಿಲ್ಲಿಸುವವರು ಜಾಸ್ತಿ. ಆದರೆ ಮೂಲದಲ್ಲಿ ಅದು ಮುಂದುವರಿಯುತ್ತದೆ. ಸೋತ ಮೇಲೂ ಒಪ್ಪದ ಎಲಿಯೆಜರ್ ಅವರಿಗೆ ಬಹಿಷ್ಕಾರ ಹಾಕುತ್ತಾರೆ. ಅವರ ದುಃಖಕ್ಕೆ ಬೆಳೆ ಒಣಗುತ್ತದೆ. ಅಂದರೆ ಈ ಪರಂಪರೆಯಲ್ಲಿ ವಾದಕ್ಕೆ ಜಾಗ ಇದೆ, ವಾದಕ್ಕೆ ಬೆಲೆ ತೆರಬೇಕಾದದ್ದೂ ಇದೆ. ಸ್ಫಾರ್ ಎರಡನ್ನೂ ಬಿಟ್ಟಿಲ್ಲ. ಬೆಕ್ಕಿಗೆ ಮುಳುಗಿಸುವ ಬೆದರಿಕೆ ಬರುತ್ತದೆ. ಮುಂದೆ ಎರಡನೇ ಭಾಗದಲ್ಲಿ ರಬ್ಬಿಗೆ ಸರ್ಕಾರಿ ಮನ್ನಣೆ ಸಿಗಬೇಕಾದರೆ ಫ್ರೆಂಚ್ ಉಕ್ತಲೇಖನ ಪರೀಕ್ಷೆ ಬರೆಯಬೇಕಾಗುತ್ತದೆ. ಹೀಬ್ರೂವಿನಲ್ಲಿ ಪ್ರಾರ್ಥನೆ ಮಾಡಿಸುವ ವಯಸ್ಸಾದ ಗುರುವಿಗೆ ಫ್ರೆಂಚ್ ಕಾಗುಣಿತದ ಪರೀಕ್ಷೆ! ಯಜಮಾನನಿಗಾಗಿ ಬೆಕ್ಕು ದೇವರನ್ನು ಬೇಡಿಕೊಳ್ಳುತ್ತದೆ. ಬಾಯಲ್ಲಿ ಉಚ್ಚರಿಸಬಾರದ ದೇವರ ಹೆಸರನ್ನೇ ಹೇಳಿಬಿಡುತ್ತದೆ. ಆ ಕ್ಷಣವೇ ಅದರ ಮಾತು ಹೋಗುತ್ತದೆ. ಅಲ್ಲಿಂದ ಮುಂದೆ ಅದರ ದನಿ ಪ್ರಾಣಿಗಳಿಗೆ ಮತ್ತು ಓದುಗರಾದ ನಮಗೆ ಮಾತ್ರ ಕೇಳುತ್ತದೆ. ಸುಳ್ಳಿನಿಂದ ಶುರುವಾದ ಮಾತು ಪ್ರೀತಿಯಿಂದ ಮಾಡಿದ ಪ್ರಾರ್ಥನೆಯಲ್ಲಿ ಕಳೆದುಹೋಗುತ್ತದೆ. ಇದನ್ನು ಬರೆದವರು ಧರ್ಮವನ್ನು ಹೀಯಾಳಿಸಲು ಕೂತವರು ಅಂತ ನನಗೆ ಯಾವತ್ತೂ ಅನಿಸಿಲ್ಲ. ಅವರು ಒಳಗಿನವರಾಗಿ ಜಗಳ ಆಡುತ್ತಿದ್ದಾರೆ. ರಬ್ಬಿಯನ್ನು ಅವರು ಎಷ್ಟು ಪ್ರೀತಿಯಿಂದ ಬಿಡಿಸಿದ್ದಾರೆ ಅಂತ ನೀವೇ ನೋಡಿ.

ಕಲ್ಪನೆ ಎಷ್ಟು, ನಿಜ ಎಷ್ಟು ಅಂತ ಕೇಳಿದಿರಿ. ಬೆಕ್ಕು ಮಾತಾಡುವುದು ಕಲ್ಪನೆ, ಸರಿ. ಆದರೆ ಹೀಬ್ರೂ ಬೈಬಲ್ಲಿನಲ್ಲೇ ಹಾವು ಮಾತಾಡುತ್ತದೆ, ಬಿಳಾಮ ಎಂಬವನ ಕತ್ತೆಯೂ ಮಾತಾಡುತ್ತದೆ. ದೇವರ ಹೆಸರನ್ನು ಉಚ್ಚರಿಸಬಾರದು ಅನ್ನುವ ಕಟ್ಟುಪಾಡು ನಿಜ. ಓದುವಾಗ ಅದರ ಬದಲು ಒಡೆಯ ಅನ್ನುವ ಅರ್ಥದ ಇನ್ನೊಂದು ಪದ ಬಳಸುತ್ತಾರೆ. ಉಕ್ತಲೇಖನದ ಹಿಂದೆಯೂ ಇತಿಹಾಸ ಇದೆ. ಯಹೂದಿ ಧಾರ್ಮಿಕ ವ್ಯವಹಾರ ನೋಡಿಕೊಳ್ಳಲು ನೆಪೋಲಿಯನ್ 1808ರಲ್ಲಿ ಫ್ರಾನ್ಸಿನಲ್ಲಿ ಒಂದು ಮಂಡಳಿಯ ವ್ಯವಸ್ಥೆ ಕಟ್ಟಿದ. ಅದನ್ನು 1845ರಲ್ಲಿ ಅಲ್ಜೀರಿಯಾಕ್ಕೂ ತಂದರು. ಅಲ್ಲಿನ ಯಹೂದಿಗಳನ್ನು ಫ್ರೆಂಚರ ಹಾಗೆ ಮಾಡುವುದು ಅದರ ಕೆಲಸಗಳಲ್ಲಿ ಒಂದಾಗಿತ್ತು.

ಪ್ರಾಣಿಗಳ ಮಾತು ಅಂದಾಗ ನಮಗೆ ಪಂಚತಂತ್ರ ನೆನಪಾಗುತ್ತದೆ, ಅಲ್ವಾ? ಕನ್ನಡದಲ್ಲಿ ದುರ್ಗಸಿಂಹ 11ನೇ ಶತಮಾನದಲ್ಲೇ ಅದನ್ನು ಬರೆದ. ಅದೇ ಕಥೆಗಳು ಪಹ್ಲವಿ, ಅರಬ್ಬಿ ಭಾಷೆಗಳ ಮೂಲಕ ಪಶ್ಚಿಮಕ್ಕೆ ಹೋದವು. 12ನೇ ಶತಮಾನದ ಸುಮಾರಿಗೆ ರಬ್ಬಿ ಜೋಯೆಲ್ ಎಂಬವರು ಅವನ್ನು ಅರಬ್ಬಿಯಿಂದ ಹೀಬ್ರೂವಿಗೆ ತಂದರು. ಆ ಹೀಬ್ರೂ ಪಾಠದಿಂದ 13ನೇ ಶತಮಾನದಲ್ಲಿ ಲ್ಯಾಟಿನ್ನಿಗೆ ಬಂತು, ಲ್ಯಾಟಿನ್ನಿನಿಂದ ಯುರೋಪಿನ ಊರೂರಿಗೆ. ಹಾಗಾಗಿ ರಬ್ಬಿಯೊಬ್ಬರ ಮನೆಯಲ್ಲಿ ಪ್ರಾಣಿ ಮಾತಾಡುವುದಕ್ಕೂ ನಮಗೂ ಹಳೆಯ ನಂಟಿದೆ. ಒಂದು ವ್ಯತ್ಯಾಸವನ್ನು ಮಗಳಿಗೆ ತೋರಿಸಿ. ಪಂಚತಂತ್ರದಲ್ಲಿ ನರಿ ಮಾತಾಡಿದರೆ ಯಾರಿಗೂ ಆಶ್ಚರ್ಯ ಇಲ್ಲ. ಇಲ್ಲಿ ಬೆಕ್ಕು ಮಾತಾಡಿದ್ದೇ ಒಂದು ಮನೆಯ ಸಮಸ್ಯೆ. ಸ್ಫಾರ್ ಕಲ್ಪನೆಯ ಗುಟ್ಟು ಅಲ್ಲಿದೆ. ಅಸಾಧ್ಯವಾದದ್ದು ಒಂದೇ ಒಂದು, ಉಳಿದದ್ದೆಲ್ಲ ಆ ಊರಿನ, ಆ ಕಾಲದ ನಿತ್ಯದ ಬದುಕು.

ಚಿತ್ರಕ್ಕೆ ನಿಷೇಧ ಇದೆ ಅನ್ನುವ ಮಾತು ಅರ್ಧ ಸತ್ಯ. ಪೂಜೆಗೆ ವಿಗ್ರಹ ಮಾಡಬಾರದು ಅಂತ ಹತ್ತು ಆಜ್ಞೆಗಳಲ್ಲಿ ಇರುವುದು ನಿಜ. ಅದನ್ನು ಎಷ್ಟು ಬಿಗಿಯಾಗಿ ಹಿಡಿಯಬೇಕು ಅನ್ನುವುದರಲ್ಲಿ ಕಾಲಕ್ಕೆ ತಕ್ಕಂತೆ ಬೇರೆ ಬೇರೆ ಅಭಿಪ್ರಾಯ ಇದ್ದವು. ಸಿರಿಯಾದ ದೂರಾ ಯೂರೋಪೋಸ್‌ನಲ್ಲಿ 1932ರಲ್ಲಿ ಅಗೆದಾಗ ಸಿಕ್ಕ 3ನೇ ಶತಮಾನದ ಯಹೂದಿ ಪ್ರಾರ್ಥನಾ ಮಂದಿರ, ಅಂದರೆ ಸಿನಗಾಗ್‌ನ ಗೋಡೆ ತುಂಬ ಬೈಬಲ್ ಕಥೆಗಳ ಚಿತ್ರಗಳಿದ್ದವು. ನನಗೆ ಇನ್ನೂ ಇಷ್ಟವಾದದ್ದು ದಕ್ಷಿಣ ಜರ್ಮನಿಯಲ್ಲಿ ಸುಮಾರು 1300ರಲ್ಲಿ ತಯಾರಾದ ಒಂದು ಹಸ್ತಪ್ರತಿ. ಪಾಸೋವರ್ ಹಬ್ಬದ ರಾತ್ರಿ ಮನೆಮಂದಿ ಕೂತು ಓದುವ ಪುಸ್ತಕ ಅದು. ಈಗ ಜೆರುಸಲೇಮಿನ ವಸ್ತುಸಂಗ್ರಹಾಲಯದಲ್ಲಿದೆ. ಅದರಲ್ಲಿ ಜನ ಹಬ್ಬದ ರೊಟ್ಟಿಗೆ ಹಿಟ್ಟು ನಾದುತ್ತಾರೆ, ಲಟ್ಟಿಸುತ್ತಾರೆ, ಬೇಯಿಸುತ್ತಾರೆ. ಮೈ ಕೈ ಬಟ್ಟೆ ಎಲ್ಲ ಮನುಷ್ಯರದೇ. ಗಂಡಸರ ತಲೆ ಮೇಲೆ ಆ ಕಾಲದ ಯಹೂದಿಗಳು ಹಾಕುತ್ತಿದ್ದ ಚೂಪು ಟೋಪಿ. ಮುಖ ಮಾತ್ರ ಹಕ್ಕಿಯದು, ಕೊಕ್ಕು ಸಮೇತ. ಯಾಕೆ ಹಾಗೆ ಬಿಡಿಸಿದರು ಅಂತ ವಿದ್ವಾಂಸರಲ್ಲಿ ಇನ್ನೂ ಚರ್ಚೆ ಇದೆ. ಮನುಷ್ಯನ ಮುಖ ಬಿಡಿಸುವುದನ್ನು ತಪ್ಪಿಸಲು ಅನ್ನುವುದು ಒಂದು ವಾದ. ಕಾರಣ ಏನೇ ಇರಲಿ, ಪ್ರಾಣಿಯ ಮುಖ ಹೊತ್ತು ಮನುಷ್ಯರ ಹಬ್ಬ ಮಾಡುವ ಯಹೂದಿ ಚಿತ್ರಕ್ಕೆ ಏಳು ನೂರು ವರ್ಷದ ಹಿಂದಿನ ಉದಾಹರಣೆ ಇದೆ. ಸ್ಫಾರ್ ಎಲ್ಲಿಂದಲೋ ಹಾರಿ ಬಂದವರಲ್ಲ.

ಅವರ ಬಗ್ಗೆ ಎರಡು ಮಾತು. 1971ರಲ್ಲಿ ನೀಸ್ ನಗರದಲ್ಲಿ ಹುಟ್ಟಿದರು. ತಂದೆ ವಕೀಲರು, ಅಲ್ಜೀರಿಯಾದಿಂದ ಬಂದ ಯಹೂದಿ ಮನೆತನ. ತಾಯಿಯ ಕಡೆಯವರು ಪೂರ್ವ ಯುರೋಪಿನವರು. ತಾಯಿ ಗಾಯಕಿ. ಮಗನಿಗೆ ನಾಲ್ಕು ತುಂಬುವ ಮೊದಲೇ ತೀರಿಕೊಂಡರು. ತಾಯಿಯ ತಂದೆ ರಬ್ಬಿಯಾಗಲು ಓದಿ ಮುಂದೆ ವೈದ್ಯರಾದವರು, ಯುದ್ಧದ ಕಾಲದಲ್ಲಿ ನಾಜಿಗಳ ವಿರುದ್ಧ ಹೋರಾಡಿದ ಪಡೆಯಲ್ಲಿದ್ದವರು. ಸ್ಫಾರ್ ಮೊದಲು ಓದಿದ್ದು ತತ್ವಶಾಸ್ತ್ರ, ಆಮೇಲೆ ಪ್ಯಾರಿಸ್ಸಿನಲ್ಲಿ ಚಿತ್ರಕಲೆ. ಈ ಎರಡು ಮನೆತನಗಳೇ ಅವರ ಪುಸ್ತಕಗಳ ಎರಡು ಬೇರು. ಅಪ್ಪನ ಕಡೆಯ ಬಿಸಿಲು, ಅರಬ್ಬಿ ಸಂಗೀತ, ಮೆಡಿಟರೇನಿಯನ್ ಕಡಲು ರಬ್ಬಿಯ ಬೆಕ್ಕಿನಲ್ಲಿವೆ. ಅಮ್ಮನ ಕಡೆಯ ಹಿಮ, ಪಿಟೀಲು, ದೆವ್ವಗಳು ಅವರ 'ಕ್ಲೆಜ್ಮರ್' ಎಂಬ ಕಾಮಿಕ್ಸ್‌ನಲ್ಲಿ, ರಕ್ತಪಿಶಾಚಿಯ ಕಥೆಗಳಲ್ಲಿ. ಹಿಟ್ಲರನ ಪಾಠದಲ್ಲಿ ಬರುವವರು ಬಹುಪಾಲು ಈ ಎರಡನೇ ಗುಂಪಿನವರು. ನಿಮ್ಮ ಕೈಯಲ್ಲಿರುವ ಪುಸ್ತಕದ ಯಹೂದಿಗಳು ಮನೆಯಲ್ಲಿ ಅರಬ್ಬಿ ಮಾತಾಡುವವರು. 1391 ಮತ್ತು 1492ರಲ್ಲಿ ಸ್ಪೇನಿನಿಂದ ಓಡಿಬಂದವರು ಅವರಲ್ಲಿ ಸೇರಿಕೊಂಡಿದ್ದಾರೆ. ಸ್ಪೇನ್, ಪೋರ್ಚುಗಲ್‌ನಿಂದ ಹೊರಬಿದ್ದ ಯಹೂದಿಗಳಲ್ಲಿ ಕೆಲವರು ಕೊಚ್ಚಿಗೂ ಬಂದರು. ಅಲ್ಲಿ ಮಟ್ಟಂಚೇರಿಯಲ್ಲಿರುವ 1568ರ ಸಿನಗಾಗ್ ಕಟ್ಟಿದ್ದು ಅಂಥವರು ಸೇರಿದ ಸಮುದಾಯವೇ. ರಜೆಯಲ್ಲಿ ಕೇರಳದ ಕಡೆ ಹೋದರೆ ಮಗಳಿಗೆ ತೋರಿಸಿ. ಯಹೂದಿ ಅಂದರೆ ಯುರೋಪು ಮಾತ್ರ ಅನ್ನುವ ಕಲ್ಪನೆ ಅಲ್ಲೇ ಸಡಿಲವಾಗುತ್ತದೆ.

ಇಸ್ರೇಲ್ ಪ್ರಚಾರ ಅನ್ನುವುದಕ್ಕೆ ಉತ್ತರ ಚಿಕ್ಕದು. ಇಸ್ರೇಲ್ ದೇಶ ಆದದ್ದು 1948ರಲ್ಲಿ. ನಿಮ್ಮ ಪುಸ್ತಕದ ಕಥೆ ಅದಕ್ಕಿಂತ ಹಿಂದಿನದು, ಅದರ ಕಾಳಜಿ ಅಲ್ಜೀರಿಯಾ. ಇಸ್ರೇಲ್ ಮೇಲೆ ಹಮಾಸ್ ನಡೆಸಿದ 2023ರ ಅಕ್ಟೋಬರ್ 7ರ ದಾಳಿಯ ನಂತರ ಸ್ಫಾರ್ ಆ ವಿಷಯದ ಮೇಲೆ ನೇರವಾಗಿ ಬೇರೆ ಪುಸ್ತಕ ಮಾಡಿದ್ದಾರೆ, 2024ರಲ್ಲಿ ಬಂತು. ಅದನ್ನು ಒಪ್ಪುವುದು ಬಿಡುವುದು ಬೇರೆ ಮಾತು. ಅದನ್ನು ತಂದು 2002ರ ಬೆಕ್ಕಿನ ತಲೆಗೆ ಕಟ್ಟುವುದು ನ್ಯಾಯ ಅಲ್ಲ.

ಆದರೆ ಈ ಪುಸ್ತಕದಲ್ಲಿ ಒಂದು ಅಪಾಯ ಇದೆ. ನಿಮ್ಮ ಸ್ನೇಹಿತರು ಯಾರೂ ಅದನ್ನು ಹೇಳಲಿಲ್ಲ. ಓದಿ ಮುಗಿಸಿದವರಿಗೆ ಹಿಂದೆ ಅಲ್ಜೀರಿಯಾದಲ್ಲಿ ಯಹೂದಿಗಳು, ಮುಸ್ಲಿಮರು ಅಣ್ಣತಮ್ಮಂದಿರ ಹಾಗೆ ಇದ್ದರು, ಎಲ್ಲ ಚೆನ್ನಾಗಿತ್ತು ಅಂತ ಅನಿಸಿಬಿಡಬಹುದು. ಕಥೆಯ ರಬ್ಬಿ ಅಬ್ರಹಾಂ ಸ್ಫಾರ್ ಮತ್ತು ಹಾಡುಗಾರ ಶೇಖ್ ಮೊಹಮ್ಮದ್ ಸ್ಫಾರ್, ಒಂದೇ ಮನೆತನದ ಹೆಸರು ಹೊತ್ತ ಇಬ್ಬರೂ ಒಬ್ಬ ಸಂತನ ಸಮಾಧಿಗೆ ಒಟ್ಟಿಗೆ ಹೊರಡುತ್ತಾರೆ. ಸಂತ ಯಹೂದಿಯೋ ಅರಬನೋ ಅಂತ ಬೆಕ್ಕಿಗೂ ಶೇಖರ ಕತ್ತೆಗೂ ಜಗಳ. ಯಜಮಾನರಿಬ್ಬರು ಹಾಡಿಕೊಂಡು ಕುಣಿದುಕೊಂಡು ಇರುತ್ತಾರೆ. ಪುಸ್ತಕದ ಅತಿ ಚೆಂದದ ಪುಟಗಳು ಅವು. ಸಂಗೀತ ಹಂಚಿಕೊಂಡಿದ್ದೂ ನಿಜವೇ. ಅಲ್ಜೀರಿಯಾದ ಕಾನ್ಸ್ಟಂಟೈನ್ ನಗರದ ಅರಬ್-ಆಂಡಲೂಸಿ ಸಂಗೀತದ ದೊಡ್ಡ ಉಸ್ತಾದ್ ಶೇಖ್ ರೇಮಂ ಯಹೂದಿ. ಆದರೆ 1961ರಲ್ಲಿ ಅವರನ್ನು ಅದೇ ಊರಿನಲ್ಲಿ ಗುಂಡಿಟ್ಟು ಕೊಂದರು.

ಹಿನ್ನೆಲೆ ಇಷ್ಟು. ಫ್ರೆಂಚ್ ಸರ್ಕಾರದ 1870ರ ಕ್ರೆಮಿಯೋ ಆಜ್ಞೆ ಅಲ್ಜೀರಿಯಾದ ಸುಮಾರು 35,000 ಯಹೂದಿಗಳಿಗೆ ಫ್ರೆಂಚ್ ಪೌರತ್ವ ಕೊಟ್ಟಿತು. ಮುಸ್ಲಿಮರಿಗೆ ಕೊಡಲಿಲ್ಲ. ಪಕ್ಕದ ಮನೆಯವರ ನಡುವೆ ಸರ್ಕಾರವೇ ಗೆರೆ ಎಳೆಯಿತು. ಅಲ್ಲಿ ನೆಲೆಸಿದ್ದ ಯುರೋಪಿಯನ್ನರಿಗೂ ಇದು ಹಿಡಿಸಲಿಲ್ಲ. 1898ರಲ್ಲಿ ಯಹೂದಿ ದ್ವೇಷವನ್ನೇ ಬಂಡವಾಳ ಮಾಡಿಕೊಂಡವನೊಬ್ಬ ಅಲ್ಜೀರ್ಸಿನ ಮೇಯರ್ ಆದ. 1934ರ ಕಾನ್ಸ್ಟಂಟೈನ್ ಗಲಭೆಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಯಹೂದಿಗಳು ಸತ್ತರು. 1940ರಲ್ಲಿ ನಾಜಿಗಳ ಜೊತೆ ಕೈಜೋಡಿಸಿದ್ದ ಫ್ರಾನ್ಸಿನ ವಿಶಿ ಸರ್ಕಾರ ಆ ಪೌರತ್ವವನ್ನು ಕಿತ್ತುಕೊಂಡಿತು, 1943ರಲ್ಲಿ ಅದು ಮರಳಿ ಸಿಕ್ಕಿತು. 1962ರಲ್ಲಿ ಅಲ್ಜೀರಿಯಾ ಸ್ವತಂತ್ರವಾದಾಗ ಲಕ್ಷಕ್ಕೂ ಹೆಚ್ಚು ಯಹೂದಿಗಳು ಊರು ಬಿಟ್ಟರು, ಬಹುಪಾಲು ಫ್ರಾನ್ಸಿಗೆ. ಪುಸ್ತಕದಲ್ಲಿ ಒಂದು ಕಾಫಿ ಹೋಟೆಲಿನಲ್ಲಿ ಅರಬರಿಗೂ ಯಹೂದಿಗಳಿಗೂ ಇಲ್ಲಿ ಕೊಡುವುದಿಲ್ಲ ಅನ್ನುವ ದೃಶ್ಯ ಇದೆ. ಆ ಪುಟದಲ್ಲಿ ನಿಂತು ಇದಿಷ್ಟನ್ನು ಮಗಳಿಗೆ ಹೇಳಿ. ವಸಾಹತು ಆಡಳಿತದ ಪಾಠ ಅವಳಿಗೆ ಶಾಲೆಯಲ್ಲೇ ಬರುತ್ತದೆ. ಬೇಗ ಹಿಡಿಯುತ್ತಾಳೆ.

ಬೇರೆ ಪುಸ್ತಕದಿಂದ ಶುರು ಮಾಡುವ ದಾರಿಯೂ ಇದೆ. 'ಲಿಟಲ್ ವ್ಯಾಂಪೈರ್' ಸ್ಫಾರ್ ಮಕ್ಕಳಿಗೇ ಬರೆದದ್ದು, ಇಂಗ್ಲಿಷಿನಲ್ಲಿ ಸಿಗುತ್ತದೆ. ಶಾಲೆಗೆ ಹೋಗಬೇಕು ಅಂತ ಆಸೆಪಡುವ ಪುಟ್ಟ ರಕ್ತಪಿಶಾಚಿ ರಾತ್ರಿ ಶಾಲೆಗೆ ಹೋಗಿ ಮಿಶೆಲ್ ಎಂಬ ಹುಡುಗನ ಹೋಂವರ್ಕ್ ಮಾಡಿಟ್ಟು ಬರುತ್ತಾನೆ. ಅಲ್ಲಿಂದ ಸ್ನೇಹ. ಮಿಶೆಲ್ ಯಹೂದಿ ಹುಡುಗ, ಅಪ್ಪ ಅಮ್ಮ ಇಲ್ಲ, ಅಜ್ಜ ಅಜ್ಜಿಯ ಜೊತೆ ಇರುತ್ತಾನೆ. ಸತ್ತವರ ಜೊತೆ ಹುಡುಗನೊಬ್ಬ ಇಷ್ಟು ಸಲೀಸಾಗಿ ಆಡುವುದನ್ನು ನೋಡಿದಾಗ ನನಗೆ ತಾಯಿ ಇಲ್ಲದೆ ಬೆಳೆದ ಲೇಖಕರೇ ಕಾಣುತ್ತಾರೆ. ಭೂತಗಳ ಚೇಷ್ಟೆ ಸ್ವಲ್ಪ ಒರಟು. ತೀರಾ ಚಿಕ್ಕ ಮಕ್ಕಳು ಬೆಚ್ಚಬಹುದು, ನಿಮ್ಮ ಮಗಳಿಗೆ ತೊಂದರೆ ಇಲ್ಲ. ಇದನ್ನು ಓದಿದರೆ ಸ್ಫಾರ್ ಗೆರೆ ಕಣ್ಣಿಗೆ ಒಗ್ಗುತ್ತದೆ. ಆದರೆ ಧರ್ಮದ ಬಗ್ಗೆ ಅವಳಲ್ಲಿ ಏಳುವ ಪ್ರಶ್ನೆಗಳಿಗೆ ಇದರಲ್ಲಿ ಜಾಸ್ತಿ ಸಿಗುವುದಿಲ್ಲ.

ಇನ್ನೊಬ್ಬ ಫ್ರೆಂಚ್ ಕಾಮಿಕ್ಸ್ ಕಲಾವಿದ ಲೂಯಿಸ್ ಟ್ರೋಂದೈಮ್ ಜೊತೆ 1998ರಲ್ಲಿ ಶುರು ಮಾಡಿದ 'ಡಂಜನ್' ಸರಣಿ ಪೂರ್ತಿ ಮಾಯಾಲೋಕ. ಬಾತುಕೋಳಿ ಹರ್ಬರ್ಟ್, ಮಾಂಸ ತಿನ್ನದ ಡ್ರ್ಯಾಗನ್ ಮಾರ್ವಿನ್. ಮಜಾ ಇದೆ, ಹೊಡೆದಾಟವೂ ಬೇಕಾದಷ್ಟಿದೆ. ನಿಮ್ಮ ಪ್ರಶ್ನೆಗೆ ಅದು ದೂರ. 'ಕ್ಲೆಜ್ಮರ್' ಈಗ ಬೇಡ. ಪೂರ್ವ ಯುರೋಪಿನ ಅಲೆಮಾರಿ ಮದುವೆ ವಾದ್ಯಗಾರರ ಕಥೆ, ಜಲವರ್ಣದಲ್ಲಿ ಅದ್ಭುತವಾಗಿದೆ. ಆದರೆ ಶುರುವಾಗುವುದೇ ಒಂದು ವಾದ್ಯತಂಡದ ಕೊಲೆಯಿಂದ. ಕಾಲೇಜಿಗೆ ಹೋದ ಮೇಲೆ ಓದಲಿ.

ರಬ್ಬಿಯ ಬೆಕ್ಕು ಸಿನಿಮಾ ಆಗಿಯೂ 2011ರಲ್ಲಿ ಬಂತು, ಸ್ಫಾರ್ ಅವರೇ ಇನ್ನೊಬ್ಬರ ಜೊತೆ ಸೇರಿ ನಿರ್ದೇಶಿಸಿದ್ದು. ಸಿನಿಮಾ ತೋರಿಸಿ ಕೈತೊಳೆದುಕೊಳ್ಳೋಣ ಅಂತ ಕೆಲವು ಪೋಷಕರು ಅಂದುಕೊಳ್ಳುತ್ತಾರೆ. ನಾನು ಬೇಡ ಅನ್ನುತ್ತೇನೆ. ಹಲವು ಆಲ್ಬಂಗಳ ಕಥೆ ಅದರಲ್ಲಿ ಒತ್ತೊತ್ತಾಗಿ ತುಂಬಿದೆ. ಬೆಕ್ಕಿನ ವಾದಕ್ಕೆ ನಿಂತು ಯೋಚಿಸಲು ಬಿಡುವು ಸಿಗುವುದಿಲ್ಲ. ಪುಸ್ತಕದಲ್ಲಾದರೆ ಪುಟ ಹಿಂದೆ ತಿರುವಬಹುದು.

ನನ್ನ ಕ್ಲಾಸಿನಲ್ಲಿ ನಡೆದು ಬಂದ ಕ್ರಮ ಹೇಳುತ್ತೇನೆ, ಬೇಕಾದರೆ ಹಾಗೇ ಮಾಡಿ. ಗಿಳಿ ನುಂಗುವಲ್ಲಿಂದ ಗುರುಗಳ ತೀರ್ಪಿನವರೆಗೆ ಮೊದಲ ದಿನ ಓದಿ ನಿಲ್ಲಿಸುವುದು. ಒಬ್ಬರು ಬೆಕ್ಕಿನ ಮಾತು ಓದಲಿ, ಇನ್ನೊಬ್ಬರು ಗುರುಗಳದು. ಯಾರು ಗೆದ್ದರು ಅಂತ ಮಗಳನ್ನು ಕೇಳಿ. ಅವಳು ಬೆಕ್ಕು ಅಂದರೆ ನೀವು ಗುರುಗಳ ಪಕ್ಷ ಹಿಡಿಯಿರಿ. ನಿಮಗೂ ಕಷ್ಟವಾಗುತ್ತದೆ, ಅದು ಒಳ್ಳೆಯದೇ. ಪ್ಯಾರಿಸ್ಸಿನ ಭಾಗದಲ್ಲಿ ರಬ್ಬಿ ಹೋಟೆಲಿಗೆ ಹೋಗಿ ತಮ್ಮ ಧರ್ಮದಲ್ಲಿ ತಿನ್ನಬಾರದ್ದನ್ನೆಲ್ಲ ತರಿಸುತ್ತಾರೆ. ಮಡಿ, ಊಟದ ಕಟ್ಟುಪಾಡು ಇರುವ ಮನೆಗಳ ಮಕ್ಕಳು ಅಲ್ಲಿ ತಮ್ಮ ಮನೆಯ ವಿಷಯ ತೆಗೆಯುತ್ತಾರೆ. ನಿಮ್ಮ ಮಗಳೂ ನಾವು ಇದನ್ನು ಯಾಕೆ ತಿನ್ನಲ್ಲ, ಅದನ್ನು ಯಾಕೆ ಮಾಡಲ್ಲ ಅಂತ ಕೇಳಬಹುದು. ಈ ಪುಸ್ತಕ ಕೊಡುವುದರಲ್ಲಿ ನಿಜವಾಗಿ ಎದುರಾಗುವ ಕಷ್ಟ ಇದು. ಅದಕ್ಕೆ ನೀವು ತಯಾರಿರಬೇಕು. ಗೊತ್ತಿದ್ದರೆ ಹೇಳಿ, ಗೊತ್ತಿಲ್ಲದಿದ್ದರೆ ಇಬ್ಬರೂ ಸೇರಿ ಅಜ್ಜಿಯನ್ನು ಕೇಳಿ. ಬಾಯಿ ಮುಚ್ಚಿಸಬೇಡಿ.

ಬಾರ್ ಮಿತ್ಸ್ವಾ ಬಗ್ಗೆ ಕೇಳಿದರೆ ಹೀಗೆ ಹೇಳಿ. ಯಹೂದಿ ಹುಡುಗನಿಗೆ 13 ತುಂಬಿದಾಗ ಧರ್ಮದ ಕಟ್ಟುಪಾಡುಗಳ ಹೊಣೆ ಅವನದೇ ಆಗುತ್ತದೆ. ಹುಡುಗಿಯರಿಗೆ 12ಕ್ಕೆ. ಹುಡುಗ ಸಿನಗಾಗ್‌ನಲ್ಲಿ ಎಲ್ಲರೆದುರು ತೋರಾ ಎಂಬ ಧರ್ಮಗ್ರಂಥ ಓದುತ್ತಾನೆ. ಅದಕ್ಕಾಗಿ ತಿಂಗಳುಗಟ್ಟಲೆ ಅಭ್ಯಾಸ ಮಾಡಿರುತ್ತಾನೆ. ಇವನ ತಪ್ಪುಗಳ ಹೊಣೆ ಇನ್ನು ನನ್ನ ಮೇಲಿಲ್ಲ ಅಂತ ಅಪ್ಪ ಆ ದಿನ ದೇವರಿಗೆ ಕೃತಜ್ಞತೆ ಹೇಳುವ ಪದ್ಧತಿ ಇದೆ. ಬೆಕ್ಕಿಗೆ ಬಾರ್ ಮಿತ್ಸ್ವಾ ಕಲ್ಪನೆ ಮಾತ್ರ. ಬೆಕ್ಕಿನ ವಯಸ್ಸನ್ನು ಮನುಷ್ಯರ ಲೆಕ್ಕದಲ್ಲಿ ಎಣಿಸಬೇಕೋ ಬೆಕ್ಕಿನ ಲೆಕ್ಕದಲ್ಲೋ ಅನ್ನುವ ವಾದವನ್ನು ಅವಳಿಗೇ ಬಿಡಿ. ಎಂಟನೇ ಕ್ಲಾಸಿನವರು ಅದನ್ನು ಬಹಳ ಚೆನ್ನಾಗಿ ಮಾಡುತ್ತಾರೆ.

ಅವಳಿಗೆ ಇಷ್ಟವಾಗಿ ಮುಂದಿನ ಭಾಗ ಬೇಕು ಅಂದರೆ, 2008ರಲ್ಲಿ ಬಂದ ಎರಡನೇ ಇಂಗ್ಲಿಷ್ ಪುಸ್ತಕದಲ್ಲಿ ನಾಲ್ಕು ಮತ್ತು ಐದನೇ ಆಲ್ಬಂ ಇವೆ. ಐದನೆಯದರಲ್ಲಿ ರಷ್ಯಾದ ಯಹೂದಿ ಚಿತ್ರಕಾರನ ಜೊತೆ ಎಲ್ಲರೂ ಆಫ್ರಿಕಾ ದಾಟಿ ಇಥಿಯೋಪಿಯಾದ ಕಡೆ ಹೊರಡುತ್ತಾರೆ. ಅದರಲ್ಲಿ ಹಿಂಸೆ, ಪ್ರಣಯ ಎರಡೂ ಮೊದಲಿನದಕ್ಕಿಂತ ಜಾಸ್ತಿ. ಒಂದೆರಡು ವರ್ಷ ತಡೆದು ಕೊಡಿ.